ಪೆಶ್ಟಿಗೋ ಊರಿನ ಕಂದು ಬೋರ್ಡು ಮತ್ತು ಅಮ್ಮ ಕೇಳಿದ ಪ್ರಶ್ನೆ

ಕೆರೆದಂಡೆ, ಮ್ಯಾಡಿಸನ್:

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಊರಿಂದ ಬಂದಿದ್ದರು. ಇಬ್ಬರನ್ನೂ ಕರೆದುಕೊಂಡು ಗ್ರೀನ್ ಬೇ ನಗರ ದಾಟಿ ಉತ್ತರಕ್ಕೆ ಹೊರಟಿದ್ದೆ. ಎಲೆಗಳ ಬಣ್ಣ ತಿರುಗೋದನ್ನ ಅವರಿಗೆ ತೋರಿಸಬೇಕು ಅಂತ ಆಸೆ ಇತ್ತು. ಹೈವೇ 41ರಲ್ಲಿ ಪೆಶ್ಟಿಗೋ ಅಂತ ಒಂದು ಸಣ್ಣ ಊರು ಸಿಗುತ್ತದೆ. ಮೂರೂವರೆ ಸಾವಿರದ ಹತ್ತಿರ ಜನ, ನಡುವೆ ಒಂದು ನದಿ, ನದಿಗೂ ಅದೇ ಹೆಸರು. ಅಮ್ಮನಿಗೆ ಕೂತು ಕೂತು ಕಾಲು ಹಿಡಿದುಕೊಂಡಿತ್ತು. ಸ್ವಲ್ಪ ಓಡಾಡಲಿ ಅಂತ ಗಾಡಿ ಊರೊಳಗೆ ತಿರುಗಿಸಿದೆ. ಅಲ್ಲೊಂದು ಹಳೆಯ ಚರ್ಚು, ಈಗ ಅದು ಮ್ಯೂಸಿಯಂ. ಪಕ್ಕದಲ್ಲೇ ಸ್ಮಶಾನ. ಸ್ಮಶಾನದಲ್ಲಿ ಒಂದು ಕಂದು ಬಣ್ಣದ ಬೋರ್ಡು.

ಅಮೆರಿಕದ ಈ ವಿಸ್ಕಾನ್ಸಿನ್ ರಾಜ್ಯದಲ್ಲಿ ಇರೋರಿಗೆ ಈ ಬೋರ್ಡುಗಳು ಗೊತ್ತಿರುತ್ತವೆ. ಮೇಲೆ ಬ್ಯಾಡ್ಜರ್ ಪ್ರಾಣಿಯ ಗುರುತು, ಕೆಳಗೆ ಕೆನೆ ಬಣ್ಣದ ಉಬ್ಬಿದ ಅಕ್ಷರಗಳು. ಹದಿನಾಲ್ಕು ವರ್ಷದಿಂದ ಇಲ್ಲಿದ್ದೀನಿ, ಇಂಥವುಗಳ ಮುಂದೆ ನೂರಾರು ಸಲ ಗಾಡಿ ಓಡಿಸಿಕೊಂಡು ಹೋಗಿದ್ದೀನಿ, ಇಳಿದು ಓದಿದ್ದು ಬಹಳ ಕಡಿಮೆ. ಅಪ್ಪ ಹಾಗಲ್ಲ. ಬರೆದಿರೋದು ಏನೇ ಕಂಡರೂ ಅವರು ನಿಂತು ಓದುತ್ತಾರೆ. ಕನ್ನಡಕ ಹಾಕಿಕೊಂಡು, ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದೇ ಸಾಲು ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದರು. 1871ರ ಅಕ್ಟೋಬರ್ 8ರ ರಾತ್ರಿ. 1,700 ಜನ ಇದ್ದ ಊರು. ಕಾಡಿನ ಬೆಂಕಿ ಬಂದು ಊರೇ ಇಲ್ಲವಾಯಿತು. ಅಮೆರಿಕದಲ್ಲಿ ಕಾಡ್ಗಿಚ್ಚಿನಿಂದ ಆದ ಅತಿ ದೊಡ್ಡ ಅನಾಹುತ ಇದು. ಅದೇ ರಾತ್ರಿ ಚಿಕಾಗೋದಲ್ಲೂ ದೊಡ್ಡ ಬೆಂಕಿ, ಆದರೆ ಇಲ್ಲಿಯಷ್ಟು ಜನ ಅಲ್ಲಿ ಸಾಯಲಿಲ್ಲ. ಊರಲ್ಲಿ ಒಂದು ಕಟ್ಟಡವೂ ಉಳಿಯಲಿಲ್ಲ. ಈ ಭಾಗದಲ್ಲಿ ಕಡಿಮೆ ಅಂದರೂ 800 ಜನ ಸತ್ತರು. ಗುರುತು ಸಿಗದ 350 ಗಂಡಸರು, ಹೆಂಗಸರು, ಮಕ್ಕಳನ್ನು ಇಲ್ಲೇ ಹತ್ತಿರ ಒಂದೇ ಗುಂಡಿಯಲ್ಲಿ ಹೂಳಿದ್ದಾರೆ.

ಅಮ್ಮ ಎಲ್ಲಾ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಹೆಸರು ಎಲ್ಲಿ ಬರೆದಿದ್ದಾರೆ?"

ಅಪ್ಪ ಬೋರ್ಡಿನ ಹಿಂದಕ್ಕೂ ಹೋಗಿ ನೋಡಿ ಬಂದರು. ಹೆಸರಿರಲಿಲ್ಲ. "ಗುರುತು ಹಿಡಿಯೋಕೆ ಮನೆಯವರು ಯಾರೂ ಉಳಿದಿರಲ್ಲ ಕಣೇ" ಅಂದರು. ಅಮ್ಮ ಸೆರಗು ಹೊದ್ದುಕೊಂಡು ಆ ಹುಲ್ಲಿನ ಕಡೆ ಸುಮ್ನೆ ನೋಡುತ್ತಾ ನಿಂತರು. ಆ ಪ್ರಶ್ನೆ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

ಮನೆಗೆ ಬಂದ ಮೇಲೆ ಕೂತು ಓದಿದೆ. ಆ ವರ್ಷ ಬೇಸಿಗೆಯಿಂದಲೇ ಮಳೆ ಇರಲಿಲ್ಲ. ಮರ ಕಡಿದು ಬಿಟ್ಟ ರೆಂಬೆ, ಸೊಪ್ಪು, ತೊಗಟೆ ಎಲ್ಲಾ ಕಾಡಿನಲ್ಲಿ ರಾಶಿ ರಾಶಿ ಒಣಗಿ ಬಿದ್ದಿತ್ತು. ರೈಲು ಹಳಿ ಹಾಕೋರು ದಾರಿ ಮಾಡಲು ಬೆಂಕಿ ಹಾಕುತ್ತಿದ್ದರು, ರೈತರು ಹೊಲ ಮಾಡಲು ಬೆಂಕಿ ಹಾಕುತ್ತಿದ್ದರು. ವಾರಗಟ್ಟಲೆ ಅಲ್ಲಲ್ಲಿ ಸಣ್ಣ ಬೆಂಕಿ ಉರಿಯುತ್ತಲೇ ಇತ್ತು, ಜನಕ್ಕೆ ಹೊಗೆ ಅಭ್ಯಾಸವಾಗಿಬಿಟ್ಟಿತ್ತು. 8ರ ಸಂಜೆ ಜೋರು ಗಾಳಿ ಎದ್ದು ಆ ಸಣ್ಣ ಬೆಂಕಿಗಳೆಲ್ಲ ಒಂದಾದವು. ಊರು ಪೂರ್ತಿ ಮರದ್ದು. ಬಕೆಟ್ಟು, ಟಬ್ಬು, ಪೊರಕೆ ಹಿಡಿ ಮಾಡುವ ದೊಡ್ಡ ಕಾರ್ಖಾನೆ ಅಲ್ಲಿತ್ತು. ಬೀದಿಯಲ್ಲೂ ಮರದ ಪುಡಿ ಹರಡಿರುತ್ತಿತ್ತು.

ಫಾದರ್ ಪೀಟರ್ ಪರ್ನಿನ್ ಅನ್ನೋ ಪಾದ್ರಿ ಬದುಕಿ ಉಳಿದು ಕಣ್ಣಾರೆ ಕಂಡಿದ್ದನ್ನು ಬರೆದಿಟ್ಟಿದ್ದಾರೆ. ನದಿಯ ಮೇಲೆ ಮರದ ಸೇತುವೆ ಇತ್ತು. ಈ ದಡದವರು ಆ ದಡ ಸುರಕ್ಷಿತ ಅಂತ ಓಡಿದರು, ಆ ದಡದವರು ಈ ದಡ ಸುರಕ್ಷಿತ ಅಂತ ಓಡಿಬಂದರು. ಜನ, ದನ, ಬಂಡಿ ಎಲ್ಲಾ ಸೇತುವೆ ಮೇಲೆ ಎದುರುಬದುರಾಗಿ ಸಿಕ್ಕಿಕೊಂಡವು. ಉಳಿದವರಲ್ಲಿ ತುಂಬಾ ಜನ ನದಿಯಲ್ಲಿ ಕತ್ತಿನ ತನಕ ನೀರಲ್ಲಿ ನಿಂತು ಗಂಟೆಗಟ್ಟಲೆ ತಲೆ ಮೇಲೆ ನೀರು ಎರಚಿಕೊಳ್ಳುತ್ತಾ ಬದುಕಿದವರು. ಚಳಿಗೆ ನೀರಲ್ಲೇ ಸತ್ತವರೂ ಇದ್ದಾರೆ. ಪರ್ನಿನ್ ತಮ್ಮ ಚರ್ಚಿನ ಟ್ಯಾಬರ್ನಕಲ್ ಅನ್ನು, ಅಂದರೆ ಪ್ರಸಾದದ ಪವಿತ್ರ ರೊಟ್ಟಿ ಇಡುವ ಪೆಟ್ಟಿಗೆಯನ್ನು, ಗಾಡಿಯಲ್ಲಿಟ್ಟು ನದಿಗೆ ತಳ್ಳಿದ್ದರು. ಅದು ಸುಡದೆ ಉಳಿಯಿತು. ಈಗ ಆ ಮ್ಯೂಸಿಯಂನಲ್ಲಿದೆ, ನೋಡಿದೆ. ಸಣ್ಣ ಮರದ ಪೆಟ್ಟಿಗೆ, ಅಷ್ಟೇ.

ಬೋರ್ಡಿನ ಕೆಳಗೆ 1951 ಅಂತ ಇಸವಿ ಇದೆ. ವಿಸ್ಕಾನ್ಸಿನ್ ರಾಜ್ಯ ಹಾಕಿಸಿದ ಅಧಿಕೃತ ಫಲಕಗಳಲ್ಲಿ ಅದು 1ನೇ ನಂಬರಿನದು. ಬೆಂಕಿ ಬಿದ್ದು 80 ವರ್ಷ ಆದ ಮೇಲೆ ಬಂದದ್ದು.

ನೀವಿರುವ ಕಡೆ ಇಂಥ ಬೋರ್ಡು ಯಾವುದಿದೆ? ಇಳಿದು ಓದಿದ್ದೀರಾ? ಹಳೆಯ ಬೋರ್ಡಿನಲ್ಲಿ ಏನೋ ಬಿಟ್ಟುಹೋಗಿದೆ ಅಥವಾ ತಪ್ಪಿದೆ ಅನ್ನಿಸಿದರೆ ತೆಗೆದು ಬೇರೆ ಹಾಕಬೇಕಾ, ಹಾಗೇ ಬಿಡಬೇಕಾ?


ಗಾಳಿಯೂರು, ಚಿಕಾಗೋ:

ಇದನ್ನ ಓದಿ ಬೇಜಾರಾಯಿತು. ನಾನು ಚಿಕಾಗೋದಲ್ಲಿ ಹನ್ನೆರಡು ವರ್ಷದಿಂದ ಇದ್ದೀನಿ. ಓಲಿಯರಿ ಮನೆಯ ಹಸು ಲಾಂದ್ರ ಒದ್ದು ಊರು ಸುಟ್ಟಿತು ಅನ್ನೋ ಕತೆ ಮಕ್ಕಳಿಗೂ ಗೊತ್ತು. ಅದು ಕಟ್ಟುಕತೆ, ಆ ಹೆಂಗಸಿಗೆ ಅನ್ಯಾಯ ಮಾಡಿದ ಕತೆ, ಅದು ಬೇರೆ ಮಾತು. ಆದರೆ ಪೆಶ್ಟಿಗೋ ಅನ್ನೋ ಹೆಸರನ್ನೇ ನಾನು ಕೇಳಿರಲಿಲ್ಲ.

ಚಿಕಾಗೋದಲ್ಲಿ ಸತ್ತವರು ಸುಮಾರು 300. ಮನೆ ಕಳೆದುಕೊಂಡವರು ಒಂದು ಲಕ್ಷ. ನಗರ ದೊಡ್ಡದು, ಪತ್ರಿಕೆಗಳಿದ್ದವು, ಸುದ್ದಿ ಕೂಡಲೇ ದೇಶ ಪೂರ್ತಿ ಹರಡಿತು. ಪೆಶ್ಟಿಗೋ ಕಡೆ ಟೆಲಿಗ್ರಾಫ್ ತಂತಿಯೇ ಸುಟ್ಟುಹೋಗಿತ್ತು. ರಾಜಧಾನಿ ಮ್ಯಾಡಿಸನ್‌ಗೆ ಸುದ್ದಿ ಮುಟ್ಟಿದ್ದು 10ನೇ ತಾರೀಖು. ಆ ಹೊತ್ತಿಗೆ ಗವರ್ನರ್ ಲೂಷಿಯಸ್ ಫೇರ್‌ಚೈಲ್ಡ್ ಚಿಕಾಗೋದ ಜನಕ್ಕೆ ಸಹಾಯ ಮಾಡಲು ಹೊರಟುಹೋಗಿದ್ದರು. ಅವರ ಹೆಂಡತಿ ಫ್ರಾನ್ಸಿಸ್, ಚಿಕಾಗೋಗೆ ಅಂತ ತುಂಬಿಸಿದ್ದ ರೈಲು ಡಬ್ಬಿಯನ್ನು ಉತ್ತರಕ್ಕೆ ತಿರುಗಿಸಿದರು, ಕಂಬಳಿಗಳನ್ನೂ ಒಟ್ಟು ಮಾಡಿಸಿ ಕಳಿಸಿದರು. ಆ ಹೆಣ್ಣುಮಗಳ ಹೆಸರಲ್ಲೂ ಒಂದು ಬೋರ್ಡು ಬೇಕು ಅಂತೀನಿ.

ಇನ್ನೊಂದು ವಿಷಯ. ಪೆಶ್ಟಿಗೋದ ಆ ಮರದ ಕಾರ್ಖಾನೆ ಚಿಕಾಗೋದ ಮೊದಲ ಮೇಯರ್ ವಿಲಿಯಂ ಆಗ್ಡೆನ್ ಅವರದ್ದು. ಒಂದೇ ರಾತ್ರಿ ಅವರಿಗೆ ಎರಡು ಕಡೆಯೂ ನಷ್ಟ. ಅಲ್ಲಿಯ ಮರ ಇಲ್ಲಿಗೆ ಬರುತ್ತಿತ್ತು, ಇಲ್ಲಿಯ ದುಡ್ಡು ಅಲ್ಲಿಗೆ ಹೋಗುತ್ತಿತ್ತು. ಎರಡೂ ಊರು ಒಂದೇ ವ್ಯಾಪಾರದ ಎರಡು ತುದಿ.

ನನಗೆ ಚುಚ್ಚಿದ್ದು ಒಂದು ಸಾಲು. ಸತ್ತವರ ಬಗ್ಗೆ ಬರೆದ ಬೋರ್ಡಿನಲ್ಲಿ ಎರಡನೇ ವಾಕ್ಯಕ್ಕೇ ಚಿಕಾಗೋ ಹೆಸರು ಬರಬೇಕಾ? ತಮ್ಮ ದುಃಖ ಹೇಳಿಕೊಳ್ಳಲೂ ದೊಡ್ಡೂರಿನ ಹೆಸರು ಹಿಡಿಯಬೇಕಾಯಿತಲ್ಲ ಪಾಪ.


ಕೆರೆದಂಡೆ, ಮ್ಯಾಡಿಸನ್:

ಅದು ನನಗೂ ಚುಚ್ಚಿತ್ತು. ಆಮೇಲೆ ಅನ್ನಿಸಿತು, 80 ವರ್ಷ ಹೋದ ಕಡೆಯಲ್ಲೆಲ್ಲಾ "ಅದೇ ರಾತ್ರಿ, ಅದೇ ರಾತ್ರಿ" ಅಂತ ಹೇಳಿ ಹೇಳಿ ಬಾಯಿ ಒಣಗಿದ ಜನ ಅವರು. ಬೋರ್ಡಿನಲ್ಲೂ ಅದೇ ಮಾತು ಬಂತು.


ಹಿಮದೂರು, ಮಿನೆಸೋಟ:

ಅಮ್ಮನವರ ಪ್ರಶ್ನೆ ಓದಿ ನಮ್ಮ ಕಡೆಯ ಮ್ಯಾನ್‌ಕೇಟೊ ನೆನಪಾಯಿತು. ಅದು ಪೆಶ್ಟಿಗೋಗಿಂತ ದೊಡ್ಡ ಊರು, ಆದರೆ ಕತೆ ಇಲ್ಲಿಗೆ ಸೇರಬೇಕಾದದ್ದು.

1862ರಲ್ಲಿ ಇಲ್ಲಿ ಮೂಲನಿವಾಸಿಗಳಾದ ಡಕೋಟ ಜನಕ್ಕೂ ಅಮೆರಿಕ ಸರ್ಕಾರಕ್ಕೂ ಯುದ್ಧ ಆಯಿತು. ಭೂಮಿ ಬಿಟ್ಟುಕೊಟ್ಟದ್ದಕ್ಕೆ ಕೊಡಬೇಕಾದ ದುಡ್ಡು ಬರಲಿಲ್ಲ, ಜನ ಹಸಿದಿದ್ದರು, ಅಂಗಡಿಯವರು ಸಾಲ ಕೊಡಲಿಲ್ಲ. ಯುದ್ಧದಲ್ಲಿ ವಲಸೆ ಬಂದಿದ್ದ ನೂರಾರು ರೈತ ಕುಟುಂಬದವರೂ ಸತ್ತರು. ಮುಗಿದ ಮೇಲೆ ಸೇನೆಯ ವಿಚಾರಣೆ. ಕೆಲವರದ್ದು ಐದೇ ನಿಮಿಷದಲ್ಲಿ ಮುಗಿಯಿತು. 303 ಜನಕ್ಕೆ ಮರಣದಂಡನೆ ಬರೆದರು. ಕಾಗದ ಲಿಂಕನ್ ಹತ್ತಿರ ಹೋಯಿತು, ಅವರು ಪಟ್ಟಿಯನ್ನು 39ಕ್ಕೆ ಇಳಿಸಿದರು, ಕೊನೇ ಗಳಿಗೆಯಲ್ಲಿ ಒಬ್ಬನಿಗೆ ತಡೆ ಸಿಕ್ಕಿತು. ಡಿಸೆಂಬರ್ 26ಕ್ಕೆ, ಕ್ರಿಸ್‌ಮಸ್ ಮಾರನೇ ದಿನ, 38 ಜನರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಈ ದೇಶದಲ್ಲಿ ಒಂದೇ ಸಲಕ್ಕೆ ಇಷ್ಟು ಜನರಿಗೆ ಗಲ್ಲು ಮತ್ತೆಂದೂ ಆಗಿಲ್ಲ.

1912ರಲ್ಲಿ ಅಲ್ಲಿ ಗ್ರಾನೈಟ್ ಕಲ್ಲು ನಿಲ್ಲಿಸಿದರು. ಸುಮಾರು ನಾಲ್ಕು ಟನ್ ತೂಕದ ಕಲ್ಲು. ಅದರ ಮೇಲೆ ಬರೆದಿದ್ದು ಇಷ್ಟೇ: ಇಲ್ಲಿ 38 ಸೂ ಇಂಡಿಯನ್ನರನ್ನು (ಡಕೋಟ ಜನಕ್ಕೇ ಬಿಳಿಯರು ಹೇಳುತ್ತಿದ್ದ ಹೆಸರು) ಗಲ್ಲಿಗೇರಿಸಲಾಯಿತು, ತಾರೀಖು. ಯಾಕೆ ಅಂತ ಇಲ್ಲ. ಯಾರು ಅಂತ ಇಲ್ಲ. ಹೆಸರಂತೂ ಇಲ್ಲವೇ ಇಲ್ಲ. ಬೇಟೆಯ ಲೆಕ್ಕ ಬರೆದ ಹಾಗಿತ್ತು. 1971ರಲ್ಲಿ ಅದನ್ನು ತೆಗೆದರು, ನಗರದ ಗೋದಾಮಿನಲ್ಲಿಟ್ಟರು, ಆಮೇಲೆ ಅಲ್ಲಿಂದ ಎಲ್ಲಿಗೆ ಹೋಯಿತೋ, ಕಾಣೆಯಾಯಿತು.

ಈಗ ಆ ಜಾಗದ ಹತ್ತಿರ ರೀಕನ್ಸಿಲಿಯೇಷನ್ ಪಾರ್ಕ್ ಇದೆ. ಸುಣ್ಣಕಲ್ಲಿನ ಒಂದು ದೊಡ್ಡ ಕಾಡೆಮ್ಮೆ ನಿಲ್ಲಿಸಿದ್ದಾರೆ. 2012ರಲ್ಲಿ, 150 ವರ್ಷ ತುಂಬಿದಾಗ, ಚರ್ಮದ ಸುರುಳಿ ಬಿಚ್ಚಿದ ಹಾಗಿರುವ ಒಂದು ಸ್ಮಾರಕ ಬಂತು. ಅದರ ಮೇಲೆ 38 ಜನರ ಹೆಸರೂ ಇದೆ. ಜನವರಿಯಲ್ಲಿ ಒಂದು ಭಾನುವಾರ ಹೋಗಿದ್ದೆ. ಮೈನಸ್ ಹದಿನೆಂಟು ಡಿಗ್ರಿ. ಅಕ್ಷರಗಳ ಗುಂಡಿಯಲ್ಲಿ ಹಿಮ ತುಂಬಿಕೊಂಡಿತ್ತು. ಕೈಗವಸು ತೆಗೆದು ಬೆರಳಿಂದ ಹಿಮ ಕೆರೆದು ಒಂದೊಂದೇ ಹೆಸರು ಓದಿದೆ. ಉಚ್ಚಾರಣೆ ನನಗೆ ಬರಲಿಲ್ಲ, ಆದರೂ ಬಾಯಿಬಿಟ್ಟು ಓದಿದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಕೆಲವು ಕಲ್ಲನ್ನು ತೆಗೆಯಲೇಬೇಕು. ದಿನಾ ಅದರ ಮುಂದೆ ಓಡಾಡುವ ಡಕೋಟ ಮಗುವಿಗೆ ಅದು ಚರಿತ್ರೆ ಅಲ್ಲ, ಬೆದರಿಕೆ.


ಎರಕದ ಮನೆ, ಓಹಾಯೋ:

ನಾನು ಈ ಬೋರ್ಡು ಹೇಗೆ ಮಾಡ್ತಾರೆ ಅನ್ನೋದನ್ನ ಹೇಳ್ತೀನಿ. ಯಾಕಂದ್ರೆ ಅದು ಗೊತ್ತಾದರೆ ತಿದ್ದೋದು ಯಾಕೆ ಕಷ್ಟ ಅಂತಲೂ ಗೊತ್ತಾಗುತ್ತೆ.

ಅಮೆರಿಕದ ಎಷ್ಟೋ ರಾಜ್ಯಗಳ ಬೋರ್ಡು ಆಗೋದು ಓಹಾಯೋದ ಮರಿಯೆಟ್ಟಾ ಅನ್ನೋ ಸಣ್ಣ ಊರಲ್ಲಿ. ಓಹಾಯೋ ನದಿ ದಂಡೆ ಮೇಲಿನ ಊರು. ಸೀವಾ ಸ್ಟುಡಿಯೋಸ್ ಅಂತ, 1927ರಿಂದ ಇದೇ ಕೆಲಸ ಅವರದ್ದು. ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಆರು ವರ್ಷ ಕೆಲಸ ಮಾಡಿದವನು, ಈಗ ಇಲ್ಲೂ ಎರಕದ ಕೆಲಸವೇ. ಹಾಗಾಗಿ ಬೋರ್ಡು ಕಂಡರೆ ಮೊದಲು ಅಂಚು ನೋಡ್ತೀನಿ, ಆಮೇಲೆ ಓದ್ತೀನಿ.

ಮೊದಲು ಪ್ಯಾಟರ್ನ್, ಅಂದ್ರೆ ಬೋರ್ಡಿನ ಮಾದರಿ, ಮಾಡ್ಕೋತಾರೆ. ಅದರ ಮೇಲೆ ಅಕ್ಷರಗಳನ್ನ ಒಂದೊಂದಾಗಿ ಜೋಡಿಸಬೇಕು. ಸಾಲು ಸೊಟ್ಟ ಆಗಬಾರದು, ಅಕ್ಷರದ ನಡುವೆ ಜಾಗ ಸರಿ ಇರಬೇಕು. ಅದನ್ನ ಮರಳಿನಲ್ಲಿ ಒತ್ತಿ ಅಚ್ಚು ತೆಗೀತಾರೆ. ಕರಗಿದ ಅಲ್ಯೂಮಿನಿಯಂ ಸುರೀತಾರೆ. ಆರಿದ ಮೇಲೆ ಮರಳು ಒಡೆದು ತೆಗೆದು, ಉಜ್ಜಿ, ಬಣ್ಣ. ನಮ್ಮಲ್ಲಿ ಪಂಪಿನ ಬಾಡಿ ಎರಕ ಹೊಯ್ಯೋ ಹಾಗೇ. ಆದರೆ ಪಂಪಿನಲ್ಲಿ ಒಂದು ಗುಳ್ಳೆ ಬಂದರೆ ತುಂಬಬಹುದು, ಇಲ್ಲಿ ಇಸವಿಯ ಒಂದು ಅಂಕಿ ತಪ್ಪಿದ್ದರೂ ಸರಿಯಾಗಿ ಮಾಡಬೇಕಂದ್ರೆ ಇಡೀ ಬೋರ್ಡು ಮತ್ತೆ ಹೊಯ್ಯಬೇಕು.

ಒಂದು ಬೋರ್ಡಿಗೆ ಕೆಲವು ಸಾವಿರ ಡಾಲರ್ ಆಗುತ್ತೆ. ಬಹಳ ಕಡೆ ಆ ದುಡ್ಡು ಕೊಡೋದು ಸರ್ಕಾರ ಅಲ್ಲ, ಬೇಕು ಅಂತ ಅರ್ಜಿ ಹಾಕಿದ ಊರವರು, ಸಂಘದವರು, ಚರ್ಚಿನವರು. ಇದನ್ನ ಯಾರೂ ಗಮನಿಸೋದಿಲ್ಲ. ದುಡ್ಡು ಒಟ್ಟು ಮಾಡೋಕೆ ಆದವರ ಕತೆ ರಸ್ತೆ ಬದಿಗೆ ಬರುತ್ತೆ. ಗಿರಣಿ ಮಾಲೀಕನ ಮನೆಗೆ ಬೋರ್ಡಿರುತ್ತೆ, ಗಿರಣಿಯಲ್ಲಿ ಕೈ ಕಳ್ಕೊಂಡವನಿಗೆ ಇರೋದಿಲ್ಲ. ಸುಳ್ಳು ಬರೆದಿದ್ದಾರೆ ಅಂತಲ್ಲ. ಬರೆಸೋಕೆ ಯಾರೂ ಬರಲಿಲ್ಲ.

ಪದಗಳೂ ಅಷ್ಟೇ. ಒಂದು ಹಲಗೆಯಲ್ಲಿ ನೂರು ಚಿಲ್ಲರೆ ಪದ ಹಿಡಿಯುತ್ತೆ. ಅಷ್ಟರಲ್ಲಿ ಒಂದು ಊರಿನ ಸಾವು ಹೇಳಬೇಕು ಅಂದ್ರೆ ಎಂಥವರಿಗೂ ಕಷ್ಟ. 1951ರಲ್ಲಿ ಅದನ್ನ ಬರೆದವರ ಮೇಲೆ ನನಗೆ ಗೌರವ ಇದೆ.


ದೊಡ್ಡಹೊಳೆ, ಲಾ ಕ್ರಾಸ್:

ಹಿಮದೂರು ಅವರೇ, ನಿಮ್ಮ ಮಾತಿಗೆ ನನ್ನ ತಕರಾರಿದೆ, ತಪ್ಪು ತಿಳೀಬೇಡಿ.

ನಾನು ಮಿಸಿಸಿಪ್ಪಿ ಪಕ್ಕದ ಹೈವೇ 35ರಲ್ಲಿ ವಾರಕ್ಕೆರಡು ಸಲ ಓಡಾಡ್ತೀನಿ. ಲಾ ಕ್ರಾಸ್‌ನಿಂದ ದಕ್ಷಿಣಕ್ಕೆ ಹೋದರೆ ವರ್ನನ್ ಕೌಂಟಿ. 1862ರ ತನಕ ಅದರ ಹೆಸರು ಬ್ಯಾಡ್ ಆಕ್ಸ್ ಕೌಂಟಿ. ಅಲ್ಲಿ ವಿಕ್ಟರಿ ಅಂತ ಒಂದು ಹಳ್ಳಿ ಇದೆ. ಏನು ವಿಕ್ಟರಿ? 1832ರ ಆಗಸ್ಟ್ 1 ಮತ್ತು 2. ಸಾಕ್ ಅನ್ನೋ ಮೂಲನಿವಾಸಿ ಜನರ ನಾಯಕ ಬ್ಲ್ಯಾಕ್ ಹಾಕ್ ಆ ವಸಂತದಲ್ಲಿ ಸಾವಿರಕ್ಕೂ ಜಾಸ್ತಿ ಜನರನ್ನು ಕರೆದುಕೊಂಡು ನದಿ ದಾಟಿ ಇಲಿನಾಯ್‌ಗೆ, ತಮ್ಮ ಹಳೆಯ ನೆಲಕ್ಕೆ ಬಂದಿದ್ದ. ಹೆಂಗಸರು, ಮಕ್ಕಳು, ಮುದುಕರು ಎಲ್ಲಾ ಇದ್ದರು. ಸೇನೆ ನಾಲ್ಕು ತಿಂಗಳು ಬೆನ್ನಟ್ಟಿತು. ಹಸಿದು, ಮರದ ತೊಗಟೆ ತಿಂದುಕೊಂಡು, ವಾಪಸ್ ನದಿ ದಾಟಿ ಹೋಗಿಬಿಡೋಣ ಅಂತ ಈ ದಡಕ್ಕೆ ಬಂದರು. ವಾರಿಯರ್ ಅನ್ನೋ ಸ್ಟೀಮ್ ಬೋಟು ಎದುರಿಗೆ ಬಂತು. ಬ್ಲ್ಯಾಕ್ ಹಾಕ್ ಬಿಳಿ ಬಾವುಟ ತೋರಿಸಿದ. ಬೋಟಿನವರು ಗುಂಡು ಹಾರಿಸಿದರು. ಮಾರನೇ ದಿನ ಹಿಂದಿನಿಂದ ಸೇನೆ, ಮುಂದೆ ನದಿ. ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಈಜಲು ಹೋದ ತಾಯಂದಿರೂ ಸತ್ತರು. ಅದಕ್ಕೆ ಹಳೆಯ ಬೋರ್ಡುಗಳಲ್ಲಿ ಬ್ಯಾಟಲ್ ಅಂತ ಹೆಸರು.

ಆ ದಾರಿಯಲ್ಲಿ 1930ರ ಸುಮಾರಿಗೆ ವಿರೋಕ್ವಾದ ಡಾಕ್ಟರ್ ಸಿ. ವಿ. ಪೋರ್ಟರ್ ಅನ್ನೋರು ನಿಲ್ಲಿಸಿದ ಗುರುತುಗಳೂ ಇವೆ. ಬ್ಲ್ಯಾಕ್ ಹಾಕ್ ಜನ ಎಲ್ಲೆಲ್ಲಿ ಹಾದು ಹೋದರು ಅಂತ ಜಾಗ ಜಾಗಕ್ಕೆ ಹೋಗಿ ಹುಡುಕಿ ಹಾಕಿಸಿದ್ದು. ಪಾಚಿ ಹಿಡಿದಿದೆ, ಅಕ್ಷರ ಸವೆದಿದೆ. ಒಂದರ ಮುಂದೆ ಮೊಣಕಾಲೂರಿ ಕೂತು, ಟಾರ್ಚನ್ನು ಪಕ್ಕದಿಂದ ಹಿಡಿದು ನೆರಳು ಬೀಳಿಸಿ ಓದಿದ್ದೀನಿ. ಅವರು ಬರೆದ ಕೆಲವು ಪದ ಇವತ್ತು ನಾವು ಯಾರೂ ಬರೆಯೋದಿಲ್ಲ. ಆದರೆ ಅವರು ಹಾಕಿರದಿದ್ದರೆ ಆ ಹೊಲದ ಅಂಚಲ್ಲಿ ಏನಾಯಿತು ಅಂತ ನನಗೆ ಗೊತ್ತೇ ಆಗ್ತಿರಲಿಲ್ಲ.

ತೆಗೆದುಬಿಟ್ಟರೆ ಹಿಂದಿನವರು ಹೇಗೆ ಮಾತಾಡ್ತಿದ್ದರು ಅನ್ನೋ ಸಾಕ್ಷಿಯೂ ಹೋಗುತ್ತೆ. ವಿಕ್ಟರಿ ಅನ್ನೋ ಹೆಸರು ಅಲ್ಲೇ ಇರಲಿ. ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ, ಸಾಕ್ ಜನ ತಾವೇ ಬರೆದ ಇನ್ನೊಂದು ಬೋರ್ಡು ನಿಲ್ಲಲಿ. ಎರಡನ್ನೂ ಓದಿದವನಿಗೆ ಗೊತ್ತಾಗುತ್ತೆ.


ಹಿಮದೂರು, ಮಿನೆಸೋಟ:

ತಪ್ಪು ತಿಳಿಯೋದೇನಿದೆ. ಪೋರ್ಟರ್ ಅವರ ಕಲ್ಲುಗಳನ್ನ ನಾನೂ ಉಳಿಸಿ ಅಂತಲೇ ಹೇಳ್ತೀನಿ, ಅವು ದಾರಿ ತೋರಿಸ್ತವೆ. ಮ್ಯಾನ್‌ಕೇಟೊ ಕಲ್ಲು ದಾರಿ ತೋರಿಸ್ತಿರಲಿಲ್ಲ. ಅದು ಗೆದ್ದವರು ಊರ ಮಧ್ಯೆ ಕಾಲೂರಿದ್ದು. ಎರಡಕ್ಕೂ ಒಂದೇ ನಿಯಮ ಹಾಕೋಕಾಗಲ್ಲ. ಪಕ್ಕದಲ್ಲಿ ಇನ್ನೊಂದು ಬೋರ್ಡು ಅನ್ನೋದು ಕೇಳೋಕೆ ಚೆನ್ನಾಗಿದೆ, ಅದು ಬರೋ ತನಕ ಐವತ್ತು ವರ್ಷ ಮೊದಲನೆಯದೇ ಮಾತಾಡ್ತಾ ಇರುತ್ತೆ, ಅಲ್ವಾ?


ಜೋಳದ ಸಾಲು, ಇಂಡಿಯಾನ:

ಇಂಡಿಯಾನದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ರಾಜ್ಯದ ಹಿಸ್ಟಾರಿಕಲ್ ಬ್ಯೂರೋದವರು ಈಗ ಬೋರ್ಡು ಹಾಕಬೇಕಾದರೆ ಪ್ರತಿ ಸಾಲಿಗೂ ಆ ಕಾಲದ ದಾಖಲೆ ಕೇಳುತ್ತಾರೆ. ಅಜ್ಜ ಹೇಳಿದ್ದು, ಊರಲ್ಲಿ ಎಲ್ಲರಿಗೂ ಗೊತ್ತು, ಅಂದರೆ ನಡೆಯಲ್ಲ. ಹಳೆಯ ಬೋರ್ಡುಗಳನ್ನೂ ಒಂದೊಂದಾಗಿ ಮತ್ತೆ ಪರೀಕ್ಷೆ ಮಾಡಿ ಯಾವುದು ಸರಿ, ಯಾವುದು ತಪ್ಪು ಅಂತ ಇಂಟರ್‌ನೆಟ್ಟಲ್ಲಿ ಹಾಕುತ್ತಾರೆ. ಹಲಗೆ ಬದಲಾಯಿಸಲು ದುಡ್ಡಿಲ್ಲದಿದ್ದರೂ ಓದೋನಿಗೆ ನಿಜ ಸಿಗುತ್ತೆ. ಮೇಲಿನ ಜಗಳಕ್ಕೆ ಇದು ಮೂರನೇ ದಾರಿ ಅಂತ ನನಗನ್ನಿಸುತ್ತೆ.

ನಮ್ಮ ಹತ್ತಿರದ ಊರು ಫೌಂಟನ್ ಸಿಟಿ. ಹಿಂದೆ ಅದರ ಹೆಸರು ನ್ಯೂಪೋರ್ಟ್. ಲೀವೈ ಮತ್ತು ಕ್ಯಾಥರಿನ್ ಕಾಫಿನ್ ಅನ್ನೋ ಕ್ವೇಕರ್ ಕ್ರೈಸ್ತ ಪಂಥದ ಗಂಡ ಹೆಂಡತಿ ದಕ್ಷಿಣದಿಂದ ಗುಲಾಮಗಿರಿ ತಪ್ಪಿಸಿಕೊಂಡು ಬಂದವರನ್ನು ಮನೆಯಲ್ಲಿ ಬಚ್ಚಿಟ್ಟು ಕೆನಡಾ ಕಡೆ ಕಳಿಸುತ್ತಿದ್ದರು. ಅವರು 1839ರ ಸುಮಾರಿಗೆ ಕಟ್ಟಿಸಿದ ಇಟ್ಟಿಗೆ ಮನೆ ಇವತ್ತಿಗೂ ಇದೆ. ಹಳೆಯ ಬರಹಗಳಲ್ಲೆಲ್ಲ 2,000 ಜನರಿಗೆ ಸಹಾಯ ಮಾಡಿದರು ಅಂತಿರುತ್ತೆ. ಈಗ ಸಾವಿರಕ್ಕೂ ಹೆಚ್ಚು ಅಂತಾರೆ. ಸಂಖ್ಯೆ ಇಳಿದದ್ದಕ್ಕೆ ಅವರ ಧೈರ್ಯ ಇಳಿಯಲಿಲ್ಲ. ಮಹಡಿ ಮೇಲೆ ಮಾಡು ಇಳಿಜಾರಾಗಿರೋ ಕಡೆ ಒಂದು ಗಿಡ್ಡ ಬಾಗಿಲಿದೆ. ಅದರ ಮುಂದೆ ಮಂಚ ಎಳೆದಿಟ್ಟರೆ ಬಾಗಿಲೇ ಕಾಣಲ್ಲ. ಬಗ್ಗಿ ಒಳಗೆ ನೋಡಿದೆ. ನಾನು ಅದರಲ್ಲಿ ಕಾಲು ಮಡಚಿಕೊಂಡು ಕೂರಬಹುದು, ಮಲಗೋಕಾಗಲ್ಲ.


ಎರಡು ಮಕ್ಕಳ ತಾಯಿ, ಅಯೋವಾ:

ಎಲ್ಲರೂ ದೊಡ್ಡ ವಿಷಯ ಮಾತಾಡಿದ್ದೀರಿ, ನಾನು ಸಣ್ಣದೊಂದು ಹೇಳ್ತೀನಿ. ದಯವಿಟ್ಟು ಹೈವೇ ಅಂಚಿನ ಶೋಲ್ಡರ್ ಮೇಲೆ ತಟ್ಟನೆ ಗಾಡಿ ನಿಲ್ಲಿಸಬೇಡಿ. ವಿಸ್ಕಾನ್ಸಿನ್‌ನಲ್ಲಿ ವೇಸೈಡ್ ಅಂತಾರಲ್ಲ, ಮೇಜು ಬೆಂಚು ಇರೋ ಸಣ್ಣ ತಂಗುದಾಣ, ಬಹಳಷ್ಟು ಬೋರ್ಡು ಅಲ್ಲೇ ಇರುತ್ತವೆ. ಬುತ್ತಿ ಬಿಚ್ಚೋಕೂ ಆಗುತ್ತೆ. ಹೊರಡೋ ಮೊದಲೇ ದಾರಿಯಲ್ಲಿ ಏನೇನಿದೆ ಅಂತ ನೋಡಬೇಕು ಅಂದ್ರೆ ಹಿಸ್ಟಾರಿಕಲ್ ಮಾರ್ಕರ್ ಡೇಟಾಬೇಸ್ ಅಂತ ಇದೆ, 2006ರಿಂದ ಸ್ವಯಂಸೇವಕರೇ ಫೋಟೋ ತೆಗೆದು ಸೇರಿಸುತ್ತಾ ಬಂದಿದ್ದಾರೆ, ಒಂದೂವರೆ ಲಕ್ಷಕ್ಕೂ ಜಾಸ್ತಿ ಫಲಕ ಇದೆ.

ನನ್ನ ದೊಡ್ಡ ಮಗನಿಗೆ ಒಂಬತ್ತು ವರ್ಷ. ಮೊದಲು ಬೋರ್ಡು ಅಂದರೆ ಮುಖ ಸಿಂಡರಿಸುತ್ತಿದ್ದ. ಒಂದು ಸಲ ಹಾಳೆ, ಕ್ರೇಯಾನ್ ಕೊಟ್ಟು ಅಕ್ಷರದ ಮೇಲಿಟ್ಟು ಉಜ್ಜು ಅಂದೆ. ಉಬ್ಬಿದ ಅಕ್ಷರ ಹಾಳೆ ಮೇಲೆ ಮೂಡಿಬಂತು. ಈಗ ಅವನೇ ನಿಲ್ಲಿಸು ಅಂತಾನೆ. ಮನೆಯ ಗೋಡೆ ಮೇಲೆ ಹದಿನೇಳು ಹಾಳೆ ಆಗಿವೆ. ಪೆಶ್ಟಿಗೋದ್ದು ಹದಿನೆಂಟನೆಯದು ಆಗಲಿ. ಮ್ಯೂಸಿಯಂ ಯಾವಾಗ ತೆರೆದಿರುತ್ತೆ?


ಕೆರೆದಂಡೆ, ಮ್ಯಾಡಿಸನ್:

ಮೇ ಕೊನೆಯ ಮೆಮೋರಿಯಲ್ ಡೇಯಿಂದ ಅಕ್ಟೋಬರ್ 8ರ ತನಕ. ಬೆಂಕಿ ಬಿದ್ದ ದಿನಕ್ಕೆ ಆ ವರ್ಷದ ಬಾಗಿಲು ಹಾಕ್ತಾರೆ.


ಕೆರೆಕೋಡಿ, ಬೇಗೂರು:

ನಾನು ಅಮೆರಿಕ ನೋಡಿಲ್ಲ, ಬೆಂಗಳೂರಲ್ಲೇ ಇರೋಳು. ಆದರೆ ಅಮ್ಮನವರು "ಹೆಸರು ಎಲ್ಲಿ" ಅಂತ ಯಾಕೆ ಕೇಳಿದರು ಅನ್ನೋದು ನನಗೆ ಅರ್ಥವಾಯಿತು. ನಮ್ಮ ಕಡೆ ಸತ್ತವರಿಗೆ ಕಲ್ಲು ನಿಲ್ಲಿಸಿದ್ದಾರೆ ಅಂದರೆ ಅದರಲ್ಲಿ ಯಾರು, ಯಾರ ಮಗ, ಯಾತಕ್ಕೆ ಸತ್ತ ಅಂತ ಹುಡುಕೋದು ರೂಢಿ. ನಮ್ಮೂರ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ನೇ ಇಸವಿಯ ಶಾಸನ ಇದೆ, ಬೆಂಗಳೂರು ಅನ್ನೋ ಹೆಸರು ಸಿಗುವ ಹಳೆಯ ಕಲ್ಲು ಅಂತ ಎಲ್ಲರೂ ಹೇಳ್ತಾರೆ. ಎಲ್ಲರೂ ಬೆಂಗಳೂರು ಅನ್ನೋ ಪದ ನೋಡೋಕೆ ಬರ್ತಾರೆ. ಆ ಕಾಳಗದಲ್ಲಿ ಸತ್ತ ಬುಟ್ಟಣಶೆಟ್ಟಿ ಹೆಸರೂ ಅದೇ ಕಲ್ಲಲ್ಲಿದೆ. ಸಾವಿರದ ನೂರು ವರ್ಷ ಆದ ಮೇಲೂ ಅವನ ಹೆಸರು ಹಿಡಿದು ಕರೆಯಬಹುದು.

ಪೆಶ್ಟಿಗೋದಲ್ಲಿ ಹೋದವರ ಹೆಸರು ಬೇರೆ ಎಲ್ಲೂ ಸಿಗೋದಿಲ್ವಾ?


ಕೆರೆದಂಡೆ, ಮ್ಯಾಡಿಸನ್:

ಸಿಗುತ್ತೆ. ಅದನ್ನೇ ಹೇಳೋಕೆ ಬಂದೆ.

ಇಲ್ಲಿಯ ಚರ್ಚೆ ಓದಿದ ಮೇಲೆ ಸುಮ್ನೆ ಇರೋಕಾಗಲಿಲ್ಲ. ನಮ್ಮ ಮ್ಯಾಡಿಸನ್‌ನಲ್ಲೇ, ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ, ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯ ಲೈಬ್ರರಿ ಇದೆ. ಬೋರ್ಡು ಹಾಕಿಸೋದೂ ಅವರೇ. ಒಂದು ಶನಿವಾರ ಹೋಗಿ ಕೇಳಿದೆ. ಬೆಂಕಿ ಬಿದ್ದು ಎರಡು ವರ್ಷಕ್ಕೆ, 1873ರಲ್ಲಿ, ರಾಜ್ಯದ ಶಾಸನಸಭೆಗೆ ಒಂದು ವರದಿ ಸಲ್ಲಿಸಿದ್ದರು. ಅದರಲ್ಲಿ ಸತ್ತವರು, ಕಾಣೆಯಾದವರ ಪಟ್ಟಿ ಇದೆ. 1,182 ಹೆಸರು. ಬೋರ್ಡು ಬರೋಕೆ 78 ವರ್ಷ ಮೊದಲೇ ಹೆಸರುಗಳು ಕಾಗದದ ಮೇಲೆ ಇದ್ದವು.

ಹಾಗಾದರೆ ಬೋರ್ಡಿನ 800 ತಪ್ಪಾ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಫೋಟೋ ತೆಗೆದು ನೋಡಿದೆ. "ಈ ಭಾಗದಲ್ಲಿ", "ಕಡಿಮೆ ಅಂದರೂ" ಅಂತ ಬರೆದಿದ್ದಾರೆ. ಎಚ್ಚರಿಕೆಯಿಂದ ಬರೆದವರು. ಬೆಂಕಿ ಹರಡಿದ್ದು ಹನ್ನೆರಡು ಲಕ್ಷ ಎಕರೆಗೆ. ಗ್ರೀನ್ ಬೇ ಕೊಲ್ಲಿಯ ಆಚೆ ಬದಿ ವಿಲಿಯಮ್ಸನ್‌ವಿಲ್ ಅಂತ ಒಂದು ಹಳ್ಳಿ, ಅಲ್ಲಿದ್ದ 77 ಜನರಲ್ಲಿ 60 ಜನ ಹೋದರು, ಹಳ್ಳಿ ಮತ್ತೆ ಏಳಲೇ ಇಲ್ಲ. ಈಗಿನ ಅಂದಾಜು ಎಲ್ಲಾ ಸೇರಿ 1,200ರಿಂದ 2,500 ತನಕ ಹೋಗುತ್ತದೆ. ಕಾಡಿನ ಕ್ಯಾಂಪುಗಳಲ್ಲಿ ಕೂಲಿಗೆ ಬಂದವರು, ರೈಲು ಹಳಿ ಕೆಲಸದವರು, ಅವರ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಊರಿನ ದಾಖಲೆಗಳೂ ಸುಟ್ಟುಹೋಗಿದ್ದವು.

ತೆಗೆಯಬೇಕಾ ಬಿಡಬೇಕಾ ಅಂತ ನಾನೇ ಕೇಳಿದ್ದೆ. ಪೆಶ್ಟಿಗೋ ಬೋರ್ಡನ್ನು ತೆಗೆಯಬಾರದು, ಇದು ನನ್ನ ಮಾತು. ಅದರ ಪಕ್ಕದಲ್ಲಿ ಆ 1,182 ಹೆಸರು ಬರಬೇಕು. ದುಡ್ಡು ಬೇಕಾದರೆ ಊರವರ ಜೊತೆ ನಾವೂ ಸೇರಿಸೋಣ. ಮೇ ಕೊನೆಗೆ ಮ್ಯೂಸಿಯಂ ತೆರೆದ ವಾರವೇ ಹೋಗಿ ಅಲ್ಲಿರೋ ಹಿರಿಯರ ಹತ್ತಿರ ಮಾತಾಡ್ತೀನಿ, ಏನಂದರು ಅಂತ ಇಲ್ಲೇ ಬರೀತೀನಿ. ಎರಕದ ಮನೆಯವರೇ, ಅಷ್ಟು ಹೆಸರಿಗೆ ಎಷ್ಟು ಹಲಗೆ ಬೇಕು ಅಂತ ಒಂದು ಅಂದಾಜು ಹಾಕಿಕೊಡಿ.

ಪಟ್ಟಿಯ ಮೊದಲ ಕೆಲವು ಪುಟಗಳ ಫೋಟೋ ತೆಗೆದುಕೊಂಡು ಬಂದಿದ್ದೆ. ಭಾನುವಾರ ರಾತ್ರಿ ವಿಡಿಯೋ ಕಾಲ್ ಮಾಡಿದಾಗ ಅಲ್ಲಿ ಬೆಳಿಗ್ಗೆ, ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೀತಾ ಕೂತಿದ್ದರು. "ಹೆಸರು ಸಿಕ್ಕಿತು ಅಮ್ಮಾ" ಅಂದೆ. ಯಾವ ಹೆಸರು ಅಂತ ಕೇಳಲಿಲ್ಲ, ಅವರಿಗೆ ನೆನಪಿತ್ತು. "ಓದು" ಅಂದರು. ಜರ್ಮನಿಯಿಂದ, ನಾರ್ವೆ ಸ್ವೀಡನ್ ಕಡೆಯಿಂದ ಬಂದವರ ಹೆಸರುಗಳು, ನನ್ನ ನಾಲಿಗೆ ತೊಡರುತ್ತಿತ್ತು. ಮೊದಲನೇ ಪುಟ ಮುಗಿದ ಮೇಲೆ ನಿಲ್ಲಿಸಿದೆ, ಸಾಕಾಗಿರಬಹುದು ಅಂತ. ಅಮ್ಮ ಕಾಯಿ ಬುಟ್ಟಿ ಪಕ್ಕಕ್ಕಿಟ್ಟು ಫೋನಿನ ಹತ್ತಿರ ಬಂದರು. "ಇನ್ನೂ ಇದೆ ಅಂದೆಯಲ್ಲ?"